ಹಣ್ಣಿನ ‘ಕ್ಯೂರಿಂಗ್’ಗೆ ‘ಕಾವು ಕೊಡುವುದು’ ಅನ್ನಬಹುದೇ?

ಗೆಳೆಯರೇ,

ನಿಂಬೆ, ಕಿತ್ತಳೆ, ಮೂಸಂಬಿ ಬೆಳೆಗಾರರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಹಣ್ಣನ್ನು ಕೋಲ್ಡ್ ಸ್ಟೋರೇಜ್‌ನಲ್ಲಿ ಇಡುವ ಮೊದಲು ಬಿಸಿ ತಾಗಿಸುವ ವಿಷಯ ಅದು. ಎರಡು ಪದಗಳು ನನ್ನನ್ನು ಕಟ್ಟಿಹಾಕಿವೆ.

ಮೊದಲನೆಯದು ಕ್ಯೂರಿಂಗ್. ಕೊಯ್ದ ಹಣ್ಣನ್ನು ಸುಮಾರು 36 ಡಿಗ್ರಿ ಬಿಸಿಯ, ತೇವ ತುಂಬಿದ ಕೋಣೆಯಲ್ಲಿ ಎರಡು ಮೂರು ದಿನ ಇಡುತ್ತಾರೆ. ಸಿಪ್ಪೆಯ ಮೇಲಿನ ಗೀರುಗಳು ಮಾಯುತ್ತವೆ, ಹಸಿರು ಬೂಷ್ಟಿಗೆ ಒಳಗೆ ಹೋಗಲು ದಾರಿ ಸಿಗುವುದಿಲ್ಲ. ಸುಮ್ನೆ ‘ಕ್ಯೂರಿಂಗ್’ ಅಂತಲೇ ಬಿಡೋಣ ಅಂದುಕೊಂಡೆ. ಆದರೆ ಬೆಂಗಳೂರಿನಲ್ಲಿ ಕ್ಯೂರಿಂಗ್ ಅಂದರೆ ಗಾರೆ ಕೆಲಸ. ನಮ್ಮ ಪಕ್ಕದ ಸೈಟಿನಲ್ಲಿ ದಿನಾ ಬೆಳಿಗ್ಗೆ ಪೈಪ್ ಹಿಡಿದು ಹೊಸ ಗೋಡೆಗೆ ನೀರು ಹೊಡೆಯುತ್ತಾರಲ್ಲ, ಅದು. ಹಣ್ಣಿಗೂ ನೀರು ಹಾಕಬೇಕಾ ಅಂತ ರೈತರು ಕೇಳಿದರೆ ತಪ್ಪು ಅವರದಲ್ಲ.

ಹೊಗೆಸೊಪ್ಪಿಗೆ, ತೊಗಲಿಗೆ ‘ಹದ ಮಾಡುವುದು’ ಅನ್ನುತ್ತೇವೆ. ಅಲ್ಲಿ ಹಸಿ ಎಲೆ ಒಣಗಿ ಬಣ್ಣವೇ ತಿರುಗುತ್ತದೆ. ಇಲ್ಲಿ ಹಣ್ಣು ಕೊಯ್ದ ಹಾಗೇ ಉಳಿಯಬೇಕು. ಅದಕ್ಕೇ ನನ್ನ ಮನಸ್ಸು ‘ಕಾವು ಕೊಡುವುದು’ ಕಡೆಗೆ ವಾಲಿದೆ. ಕೋಳಿ ಮೊಟ್ಟೆಗೆ ಕಾವು ಕೊಡುತ್ತದಲ್ಲ, ಹಾಗೆ ಹಿತವಾದ ಬಿಸಿ, ಜಾಸ್ತಿ ಹೊತ್ತು. ಮೊಟ್ಟೆಗೆ ಬೇಕಾದ ಬಿಸಿಯೂ 37-38 ಡಿಗ್ರಿಯೇ! ಒಂದೇ ಅಳುಕು: ಬಾಳೆಗೊನೆಗೆ ಅಡೆ ಹಾಕುವಾಗಲೂ ಕಾವಿನ ಮಾತು ಬರುತ್ತದೆ. ಇದೂ ಮಾಗಿಸುವ ಕೆಲಸ ಅಂದುಕೊಂಡರೆ? ಕಿತ್ತಳೆ, ನಿಂಬೆ ಕೊಯ್ದ ಮೇಲೆ ಬಾಳೆಯ ಹಾಗೆ ಮಾಗುವುದಿಲ್ಲ.

ಇನ್ನೊಂದು ವಿಧಾನದಲ್ಲಿ ಹಣ್ಣನ್ನು 50-53 ಡಿಗ್ರಿ ಬಿಸಿನೀರಿನಲ್ಲಿ ಎರಡು ಮೂರು ನಿಮಿಷ ಇಟ್ಟು ತೆಗೆಯುತ್ತಾರೆ. ಸಿಪ್ಪೆಯ ಮೇಣ ಕರಗಿ ಸಣ್ಣ ಬಿರುಕುಗಳನ್ನು ಮುಚ್ಚುತ್ತದೆ. ಇದಕ್ಕೆ ‘ಅದ್ದುವುದು’ ಸಾಕು. ‘ನೆನೆಹಾಕುವುದು’ ಬೇಡ, ಅದು ರಾತ್ರಿಯಿಡೀ ಕಡಲೆ ನೆನೆಹಾಕಿದ ಹಾಗಾಗುತ್ತದೆ.

ಎರಡನೆಯದು ‘ಚಿಲ್ಲಿಂಗ್ ಇಂಜುರಿ’, ಅಂದರೆ ಚಳಿಯಿಂದ ಹಣ್ಣಿಗೆ ಆಗುವ ಹಾನಿ. ನಿಂಬೆಯನ್ನು 10 ಡಿಗ್ರಿಗಿಂತ ಕೆಳಗೆ ವಾರಗಟ್ಟಲೆ ಇಟ್ಟರೆ ಸಿಪ್ಪೆಯಲ್ಲಿ ಸಣ್ಣ ಸಣ್ಣ ಗುಳಿ ಬಿದ್ದು ಕಂದಾಗುತ್ತದೆ. ನಮ್ಮ ಫ್ರಿಜ್ಜಿನ ಮೂಲೆಯಲ್ಲಿ ಮರೆತಿದ್ದ ನಿಂಬೆಹಣ್ಣು ಹಾಗೇ ಆಗಿತ್ತು, ಬೆರಳಾಡಿಸಿದರೆ ಸಿಡುಬಿನ ಕಲೆಯ ಹಾಗೆ ಸಿಗುತ್ತಿತ್ತು. ‘ಶೀತಗಾಯ’ ಅಂತ ಬರೆದು ಹೊಡೆದು ಹಾಕಿದೆ. ಶೀತ ಅಂದರೆ ನಮಗೆ ನೆಗಡಿ ಅಲ್ವಾ? ಗಾಯ ಅಂದರೆ ಕುಯ್ದದ್ದು. ‘ಬಿಸಿಲ ಹೊಡೆತ’ ಇರುವಾಗ ‘ಚಳಿ ಹೊಡೆತ’ ಯಾಕಾಗಬಾರದು? ‘ಕಾವು ಕೊಟ್ಟ ಹಣ್ಣು ಚಳಿ ಹೊಡೆತ ತಾಳುತ್ತದೆ’ ಅಂತ ಬರೆದರೆ ಓದಿದ ಕೂಡಲೇ ಅರ್ಥವಾಗುತ್ತದೆ.

ವಿಜಯಪುರದ ಇಂಡಿ ಕಡೆಯವರು, ಕೊಡಗಿನವರು ಯಾರಾದರೂ ಇದ್ದರೆ ಹೇಳಿ: ಸಿಪ್ಪೆ ಹೀಗೆ ಗುಳಿ ಬಿದ್ದ ಹಣ್ಣಿಗೆ ನಿಮ್ಮ ಮನೆಯಲ್ಲಿ, ಮಂಡಿಯಲ್ಲಿ ಏನನ್ನುತ್ತಾರೆ? ಅಂಥ ಪದ ಇದ್ದರೆ ನನ್ನದನ್ನು ಬಿಟ್ಟು ಅದನ್ನೇ ಹಾಕುತ್ತೇನೆ.