ಅಪ್‌ಡೇಟ್: ದಕ್ಷಿಣ ಸೂಡಾನ್‌ನಲ್ಲಿ ಸೇವೆಯಲ್ಲಿರುವ ತಮ್ಮನ ಊರಿನ ಗದ್ದೆಯ ಒತ್ತುವರಿ

ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯಲ್ಲಿರುವ ತಮ್ಮನ ಗದ್ದೆಯನ್ನು ಪಕ್ಕದವರು ಒತ್ತುವರಿ ಮಾಡಿದ್ದಾರೆ, ಅವನ ಹೆಂಡತಿ ಒಬ್ಬಳೇ ಏನು ಮಾಡಬೇಕು ಎಂದು ಕೇಳಿದ್ದೆ. ಕೆಲಸ ಆಯಿತು! ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಗೆ ಹೋಗಿ ಎಂದವರಿಗೆ ಕೈಮುಗಿಯುತ್ತೇನೆ. ಅದು ನಿವೃತ್ತರಿಗಷ್ಟೇ ಅಲ್ಲ, ಸೇವೆಯಲ್ಲಿರುವವರ ಮನೆಯವರಿಗೂ ನೆರವಾಗುತ್ತದೆ ಎಂಬುದು ನಮ್ಮ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪಹಣಿ ಮತ್ತು ತಮ್ಮನ ಘಟಕದ ಪತ್ರ ನೋಡಿ ಅಲ್ಲಿಂದಲೇ ತಹಶೀಲ್ದಾರರಿಗೆ ಬರೆದರು. ಸರ್ವೆಯವರು ಬಂದು ಅಳೆದು, ಹುಣಸೆಮರದ ಬುಡದಲ್ಲಿ ಹೂತುಹೋಗಿದ್ದ ಹಳೆಯ ಬಾಂದುಕಲ್ಲನ್ನು ಅಗೆಸಿ ತೋರಿಸಿದರು. ಪಕ್ಕದವರು ತುಟಿ ಬಿಚ್ಚಲಿಲ್ಲ. ತಮ್ಮನಿಂದ ಅಧಿಕಾರಪತ್ರ ತರಿಸುವ ಸಲಹೆ ಮಾತ್ರ ಕೈಗೂಡಲಿಲ್ಲ, ಕಾಗದ ಬರಲೇ ಇಲ್ಲ. ಇನ್ನೊಂದು ಮಾತು: ತಮ್ಮನಿರುವ ದಕ್ಷಿಣ ಸೂಡಾನ್‌ನ ಸಮಯ ನಮಗಿಂತ 3 ಗಂಟೆ 30 ನಿಮಿಷ ಹಿಂದೆ. ನಮ್ಮ ರಾತ್ರಿ ಊಟದ ನಂತರ ಕರೆ ಮಾಡಿದರೆ ಮಾತಿಗೆ ಸಿಗುತ್ತಾನೆ.