ಮಟ್ಟಸ ಗದ್ದೆ ಅಂಚಿಗೆ 18 ಡಿಗ್ರಿ ಇಳಿಜಾರು! ಅರ್ಥ್ ಎಂಜಿನ್ ಬಲ್ಲವರು ಸ್ವಲ್ಪ ನೋಡಿ

ಬಾಣೆಬದಿ, ಚೇರಂಬಾಣೆ ಕಡೆ

ನಮಸ್ಕಾರ. ನಮ್ಮ ರೋಬಸ್ಟಾ ತೋಟದಲ್ಲಿ ತೊಟ್ಟಿಲು ಗುಂಡಿ (ಮಳೆನೀರು ಹಿಡಿಯುವ ಉದ್ದನೆಯ ಗುಂಡಿ) ಎಲ್ಲೆಲ್ಲಿ ತೆಗೆಸಬೇಕು ಅಂತ ನೋಡೋಕೆ, ಉಪಗ್ರಹದ ಮಾಹಿತಿಯಿಂದ ನಕ್ಷೆ ಮಾಡುವ ಗೂಗಲ್ ಅರ್ಥ್ ಎಂಜಿನ್‌ನಲ್ಲಿ ಇಳಿಜಾರಿನ ನಕ್ಷೆ ಮಾಡುತ್ತಿದ್ದೇನೆ. "ದಿನಾ ನಡೆದಾಡುವ ಜಾಗಕ್ಕೆ ಉಪಗ್ರಹ ಯಾಕೋ" ಅಂತ ಅಪ್ಪ ನಗುತ್ತಾರೆ. ಇರಲಿ.

ಎಸ್‌ಆರ್‌ಟಿಎಂ ಅನ್ನುವ ನೆಲದ ಎತ್ತರದ ಮಾಹಿತಿ ಹಾಕಿದರೆ ನಕ್ಷೆ ಬರುತ್ತದೆ. ಆದರೆ ಗದ್ದೆಯ ಪಶ್ಚಿಮದ ಅಂಚಿಗೆ 18 ಡಿಗ್ರಿ ಅನ್ನುತ್ತದೆ. ಅಲ್ಲಿ ನೀರು ಕಟ್ಟಿದರೆ ಅಲ್ಲೇ ನಿಲ್ಲುತ್ತದೆ, ಅಷ್ಟು ಮಟ್ಟಸ. ಏರಿ ದಾಟಿದರೆ ದೇವರಕಾಡು, ನೆಲ ಏರುವುದು ಇನ್ನೂ ಒಳಗೆ.

ಯುರೋಪಿನವರ ಎತ್ತರದ ಮಾಹಿತಿ, ಕೊಪರ್ನಿಕಸ್ 30 ಮೀಟರಿನದು ಒಳ್ಳೆಯದು ಅಂದರು. ಮೊಸಾಯಿಕ್ ಮಾಡಿ (ತುಂಡುಗಳನ್ನು ಒಂದಾಗಿ ಸೇರಿಸಿ) ಸ್ಲೋಪ್, ಅಂದರೆ ಇಳಿಜಾರು ಕೇಳಿದೆ, ಇಡೀ ಕೊಡಗು ಕಪ್ಪು. ತಡಿಯಂಡಮೋಳ್ ಬೆಟ್ಟಕ್ಕೂ ಸೊನ್ನೆ!

ಹಾಗೇ ಇನ್ನೊಂದು. ಅಳತೆಗೆ ಬಂದವರು ಮೇಲಿನ ಬಾಣೆಗೆ (ಗದ್ದೆಗೆ ಸೇರಿದ ಗುಡ್ಡದ ಜಾಗ) "ಇಳಿಜಾರು 40" ಅಂತ ಬರೆದು ಹೋಗಿದ್ದಾರೆ. ನನ್ನ ನಕ್ಷೆ 22 ಅನ್ನುತ್ತದೆ. ಯಾರನ್ನು ನಂಬಲಿ?

ನಕ್ಷೆಹುಚ್ಚ

40 ಮತ್ತು 22 ಎರಡೂ ಸರಿ. ಅವರು ಬರೆದದ್ದು ಶೇಕಡಾ, ಅರ್ಥ್ ಎಂಜಿನ್ ಕೊಡುವುದು ಡಿಗ್ರಿ. 22 ಡಿಗ್ರಿಯ ಟ್ಯಾನ್ ತೆಗೆದು ನೂರರಿಂದ ಗುಣಿಸಿ, 40 ಬರುತ್ತದೆ.

ಕಪ್ಪಾಗಿದ್ದಕ್ಕೆ ಕಾರಣ ಮೊಸಾಯಿಕ್. ಎಸ್‌ಆರ್‌ಟಿಎಂ ಅಲ್ಲಿ ಒಂದೇ ಚಿತ್ರ. ಕೊಪರ್ನಿಕಸ್ ತುಂಡು ತುಂಡಾಗಿ ಇರುತ್ತದೆ. ತುಂಡು ಸೇರಿಸಿದ ಕೂಡಲೇ ಮೂಲ ಪ್ರೊಜೆಕ್ಷನ್ (ಪಿಕ್ಸೆಲ್ ನೆಲದ ಮೇಲೆ ಎಲ್ಲಿ, ಎಷ್ಟು ದೊಡ್ಡದು ಅನ್ನುವ ಲೆಕ್ಕ) ಬಿಟ್ಟುಹೋಗಿ, ಒಂದು ಪಿಕ್ಸೆಲ್ಲಿಗೆ ಒಂದು ಡಿಗ್ರಿ ಅನ್ನುವ ಲೆಕ್ಕ ಬಂದು ಕೂರುತ್ತದೆ. ಅಂದರೆ ಸುಮಾರು 111 ಕಿಲೋಮೀಟರ್. ಅಷ್ಟು ದೂರದ ಲೆಕ್ಕದಲ್ಲಿ ಯಾವ ಬೆಟ್ಟ ಉಳಿದೀತು? ಮೊದಲ ತುಂಡಿನ ಪ್ರೊಜೆಕ್ಷನ್ ತೆಗೆದು, ಮೊಸಾಯಿಕ್ಕಿಗೆ ಸೆಟ್ ಡಿಫಾಲ್ಟ್ ಪ್ರೊಜೆಕ್ಷನ್‌ನಲ್ಲಿ ಕೊಡಿ. ಆಮೇಲೆ ಸ್ಲೋಪ್ ಕೇಳಿ.

ತೋಡುದಾರಿ

ಗದ್ದೆ ಅಂಚಿನದು ಕೋಡಿನ ತಪ್ಪಲ್ಲ ಮಾರಾಯ್ರೇ. ಅದು ನಿಮ್ಮ ದೇವರಕಾಡಿನ ಎತ್ತರ. ಎಸ್‌ಆರ್‌ಟಿಎಂ ಅಳತೆ ಆದದ್ದು 2000ದ ಫೆಬ್ರವರಿಯಲ್ಲಿ, ಎಂಡೆವರ್ ನೌಕೆಯ ರೇಡಾರಿನಿಂದ. ದಟ್ಟ ಕಾಡಿದ್ದಲ್ಲಿ ಆ ಅಲೆ ನೆಲದ ತನಕ ಇಳಿಯುವುದಿಲ್ಲ, ಸೊಪ್ಪಿನ ನಡುವೆಯೇ ವಾಪಸ್. ಕೊಪರ್ನಿಕಸ್ಸಿನದೂ ರೇಡಾರೇ, ಅಲೆ ಇನ್ನೂ ಸಣ್ಣದು.

ಲೆಕ್ಕ ಹಾಕಿ ನೋಡಿ. ಸ್ಲೋಪ್ ತೆಗೆಯುವಾಗ ಅದು ಅಕ್ಕಪಕ್ಕದ ಪಿಕ್ಸೆಲ್ ಹಿಡಿಯುತ್ತದೆ. ಪಿಕ್ಸೆಲ್ ಒಂದಕ್ಕೆ 30, ಆ ಬದಿ ಈ ಬದಿ ಸೇರಿ 60 ಮೀಟರ್. ಒಂದು ಕಡೆ ಗದ್ದೆ, ಇನ್ನೊಂದು ಕಡೆ ನೆಲಕ್ಕಿಂತ 20 ಮೀಟರ್ ಮೇಲಿನ ಸೊಪ್ಪು. 60ಕ್ಕೆ 20 ಅಂದರೆ 18 ಡಿಗ್ರಿ ಚಿಲ್ಲರೆ. ನಿಮ್ಮ ಅಂಕಿಯೇ ಅಲ್ವಾ?

ನನಗೆ ಜಾಸ್ತಿ ಭಯ ಇರುವುದು ಇದರ ಉಲ್ಟಾ ಕೇಸಿನದು. ತೋಡಿನ ಕೊರಕಲಲ್ಲಿ ಮರ ಎತ್ತರ ಬೆಳೆದಿರುತ್ತದೆ, ದಿಬ್ಬದ ಮೇಲೆ ಕಪಾತು ಮಾಡಿದ ಸಿಲ್ವರ್ ಓಕ್. ಮೇಲಿಂದ ನೋಡಿದರೆ ಕೊರಕಲು ಅರ್ಧ ತುಂಬಿದ ಹಾಗೆ. ಕಡಿದಾದ ಜಾಗವನ್ನೇ ನಕ್ಷೆ ಸಾಧು ಅಂತ ತೋರಿಸುತ್ತದೆ. ರಸ್ತೆಗೆ, ಮನೆಗೆ ಅಂತ ಜೆಸಿಬಿ ಹಚ್ಚಿ ನೇರ ಕಡಿದ ಬರೆ (ಮಣ್ಣಿನ ಗೋಡೆ) 30 ಮೀಟರಿನ ಪಿಕ್ಸೆಲ್ಲಲ್ಲಿ ಕಾಣುವುದೇ ಇಲ್ಲ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಜಾರಿದ ಮೇಲೆ ಎಲ್ಲರೂ ನಕ್ಷೆ ಮಾಡಿದರು. "ಇಲ್ಲಿ ಹಸಿರು ಬಣ್ಣ, ಭಯವಿಲ್ಲ" ಅಂತ ಮನೆ ಕಟ್ಟೋಕೆ ಮಾತ್ರ ಇದನ್ನು ನಂಬಬೇಡಿ.

ಇಡೀ ಗುಡ್ಡದ ಅಂದಾಜಿಗೆ ಇದು ಚೆನ್ನಾಗಿದೆ. ಗುಂಡಿಯ ಸಾಲು ಹಿಡಿಯೋಕೆ ನೀರು ತುಂಬಿ ಮಟ್ಟ ನೋಡುವ ಮೇಸ್ತ್ರಿಗಳ ಟ್ಯೂಬ್ ಲೆವೆಲ್ಲೇ ಬೇಕು.

ನಕ್ಷೆಹುಚ್ಚ

ಆಸ್ಪೆಕ್ಟ್ (ಇಳಿಜಾರು ಮುಖ ಮಾಡಿರುವ ದಿಕ್ಕು, ಡಿಗ್ರಿಯಲ್ಲಿ) ಕೂಡ ತೆಗೆಯುತ್ತೀರಾದರೆ ಸುಮ್ನೆ ಸರಾಸರಿ ಮಾಡಬೇಡಿ. 350 ಮತ್ತು 10 ಎರಡೂ ಉತ್ತರ. ಸರಾಸರಿ 180, ಪೂರ್ತಿ ದಕ್ಷಿಣ! ಸೈನ್, ಕೊಸೈನ್ ಬೇರೆ ಬೇರೆ ಸರಾಸರಿ ಮಾಡಿ, ಆಮೇಲೆ ದಿಕ್ಕಿಗೆ ತಿರುಗಿಸಿ.

ಬಾಣೆಬದಿ

ಕಪ್ಪು ಹೋಯಿತು, ತಡಿಯಂಡಮೋಳ್ ಎದ್ದು ನಿಂತಿದೆ. ಥ್ಯಾಂಕ್ಸ್ ಅಣ್ಣ. ದೇವರಕಾಡಿನ ವಿಷಯ ಅಪ್ಪನಿಗೆ ಓದಿ ಹೇಳಿದೆ. ಟ್ಯೂಬ್ ಅಟ್ಟದ ಮೇಲಿದೆ ಅಂದರು. ಮಳೆ ಬಿಟ್ಟ ಮೇಲೆ ಮೇಲಿನ ಬಾಣೆಯಿಂದ ಶುರು ಮಾಡುತ್ತೇವೆ. ತೋಡುದಾರಿಯವರೇ, ಒಂದು ಸಾಲಿಗೂ ಇನ್ನೊಂದಕ್ಕೂ ನೀವು ಎಷ್ಟು ಅಂತರ ಬಿಡುತ್ತೀರಿ?