ಐದನೇ ತರಗತಿಗೆ ಭಿನ್ನರಾಶಿ ಪಾಠ: ನೀವು ಹೇಗೆ ಕಟ್ಟಿದಿರಿ?

ಬದಿಯಡ್ಕದ ಹೊಸ ಟೀಚರ್: ಕೇರಳದ ಕಾಸರಗೋಡಿನ ಕನ್ನಡ ಮಾಧ್ಯಮದ ಯುಪಿ (ಹಿರಿಯ ಪ್ರಾಥಮಿಕ) ಶಾಲೆಗೆ ಸೇರಿ ಎರಡು ವರ್ಷ ಆಯಿತು. ಐದನೆಯವರಿಗೆ 20 ದಿನದ ಭಿನ್ನರಾಶಿ ಪಾಠ ತಯಾರಿಸಲು ಹೇಳಿದ್ದಾರೆ. ಮಕ್ಕಳು 31. ಪಾಠ ಹಿಡಿಯಿತೋ ಇಲ್ಲವೋ ಅಂತ ಹೇಗೆ ನೋಡುವುದು? ಮಾಡಿದವರು ಹೇಳಿ.

ಮುಳ್ಳೇರಿಯದ ಟೀಚರ್: ನಾನು ಮಾಡಿ ಪೆಟ್ಟು ತಿಂದವಳು. 48 ಪುಟದ ಪುಸ್ತಕ, 26 ಮಕ್ಕಳು, ಪುಟಕ್ಕೆ ಒಂದೂವರೆ ರೂಪಾಯಿಯಂತೆ ಝೆರಾಕ್ಸಿಗೇ 1,872. ಬೈಂಡಿಂಗಿಗೆ 780. ಎಲ್ಲಾ ನನ್ನ ಕೈಯಿಂದ. ಪಾಠಕ್ಕೆ ಮೊದಲು ಹತ್ತು ಪ್ರಶ್ನೆ ಕೊಟ್ಟೆ, ಸರಾಸರಿ 4 ಬಂತು. ಪಾಠ ಮುಗಿದ ಮೇಲೆ ಅದೇ ಹತ್ತು ಕೊಟ್ಟೆ, 8 ಬಂತು. ಭಾರೀ ಖುಷಿಯಾಯಿತು. ಓಣಂ ರಜೆ ಕಳೆದು ಸಂಖ್ಯೆ ಬದಲಿಸಿ ಕೊಟ್ಟರೆ ಮತ್ತೆ 5! ಅರ್ಧಕ್ಕೆ ಮೂರನೇ ಒಂದು ಕೂಡಿಸಿದರೆ ಐದನೇ ಎರಡು ಅಂತ ಒಂಬತ್ತು ಮಕ್ಕಳು ಬರೆದಿದ್ದರು.

ಒಬ್ಬ ಹುಡುಗನ ಹತ್ತಿರ ಕೂತು 'ಹೇಗೆ ಮಾಡಿದೆ, ತೋರಿಸು' ಎಂದೆ. ಎರಡು ದೋಸೆ ಬಿಡಿಸಿದ. ಒಂದನ್ನು ಎರಡು ಪಾಲು ಮಾಡಿದ, ಇನ್ನೊಂದನ್ನು ಮೂರು. ಒಂದೊಂದರಲ್ಲಿ ಒಂದು ಪಾಲಿಗೆ ಬಣ್ಣ ಹಾಕಿ ಎಣಿಸಿದ. 'ಐದರಲ್ಲಿ ಎರಡು, ಟೀಚರ್.' ನನ್ನ ಪುಸ್ತಕದಲ್ಲಿ ಇದ್ದದ್ದೂ ಬರೀ ದೋಸೆಯೇ ಅಲ್ವಾ! ತಪ್ಪು ಅವನದ್ದಲ್ಲ. 14 ಪುಟ ಕಿತ್ತು ಹಾಕಿ, ಒಂದೇ ಉದ್ದದ ಕಾಗದದ ಪಟ್ಟಿ ಮಡಚುವುದರಿಂದ ಶುರು ಮಾಡಿದೆ. ಎರಡಾಗಿ ಮಡಚಿದ್ದು, ಮೂರಾಗಿ ಮಡಚಿದ್ದು, ಪಕ್ಕದಲ್ಲಿ ಆರಾಗಿ ಮಡಚಿದ್ದು. ಆರನೇ ಐದು ಅಂತ ಅವನೇ ಹೇಳಿದ.

ಪೆರ್ಲದ ನಿವೃತ್ತ ಮಾಷ್ಟ್ರು: ಪಟ್ಟಿ ಮಡಚಿದರೆ ಗಣಿತ ಬರುವುದಿಲ್ಲ. ಡಿಪಿಇಪಿ (ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ) ಕೇರಳದಲ್ಲಿ ಮೊದಲು ಬಂದದ್ದೇ ಕಾಸರಗೋಡು, ವಯನಾಡು, ಮಲಪ್ಪುರಕ್ಕೆ. ಮಗ್ಗಿ ಬೇಡ, ಚಟುವಟಿಕೆ ಸಾಕು ಎಂದರು. ನಾನು ಬಿಡಲಿಲ್ಲ. ಬೆಳಿಗ್ಗೆ ಹತ್ತು ನಿಮಿಷ ಮಗ್ಗಿ, ಆಮೇಲೆ ಅವರ ಚಟುವಟಿಕೆ. ತರಬೇತಿಯಲ್ಲಿ ಎಲ್ಲರೆದುರು ಬೈಸಿಕೊಂಡೆ. ಈಗ ಐದನೆಯವರಿಗೆ 612ನ್ನು 6ರಿಂದ ಭಾಗಿಸಲು ಕೊಡಿ. 12 ಬರೆಯುತ್ತಾರೆ! ಎಂಟನೇ ತರಗತಿಯಲ್ಲಿ 2024-25ರಿಂದ ಬರೆಯುವ ಪರೀಕ್ಷೆಗೇ ಕನಿಷ್ಠ ಶೇ. 30 ಅಂಕ ಬೇಕು. ಬುಡದಲ್ಲಿ ಬಿಟ್ಟದ್ದು ಅಲ್ಲಿ ಸಿಕ್ಕಿಬೀಳುತ್ತದೆ.

ಮುಳ್ಳೇರಿಯದ ಟೀಚರ್: ಮಾಷ್ಟ್ರೇ, 12 ಬರೆದವನಿಗೆ ಮಗ್ಗಿ ಬರುತ್ತದೆ. ಆರೊಂದ್ಲೆ ಆರು, ಆರೆರಡ್ಲೆ ಹನ್ನೆರಡು, ಹಾಗೆ ಹೇಳಿಯೇ ಬರೆದದ್ದು. ಆ ಮೊದಲಿನ 6 ಅಂದರೆ ಆರುನೂರು ಅಂತ ಅವನಿಗೆ ಹೊಳೆದಿಲ್ಲ. ನೂರರ ಕಟ್ಟು, ಹತ್ತರ ಕಟ್ಟು ಕೈಯಲ್ಲಿ ಹಿಡಿದು ಹಂಚಿದ್ದರೆ 102 ಬರುತ್ತಿತ್ತು.

ಉಪ್ಪಳದ ಅಮ್ಮ: ನೀವಿಬ್ಬರೂ ಮಗ್ಗಿ, ಪಟ್ಟಿ ಅಂತಿದ್ದೀರಿ. ನನ್ನ ಮಗಳ ಕನ್ನಡ ಮಾಧ್ಯಮದ ಕ್ಲಾಸಿಗೆ ಕನ್ನಡವೇ ಬಾರದ ಗಣಿತ ಟೀಚರ್ ಬಂದರು. ಅಂಶ, ಛೇದ ಮಲಯಾಳದಲ್ಲೂ ಅದೇ ಶಬ್ದ, ಸರಿ. ಆದರೆ 'ಯಾಕೆ ಹೀಗೆ?' ಎಂದು ಕೇಳಿದರೆ ಉತ್ತರ ಯಾವ ಭಾಷೆಯಲ್ಲಿ? ಎಂಟಕ್ಕೆ ತಲಪಾಡಿ ಗಡಿ ದಾಟಿಸಿ ಕರ್ನಾಟಕದ ಶಾಲೆಗೆ ಸೇರಿಸಿದೆವು. ವ್ಯಾನಿಗೆ ತಿಂಗಳಿಗೆ 2,200, ಹತ್ತು ತಿಂಗಳು. ಯೂನಿಫಾರ್ಮಿಗೆ 3,400. ಅಲ್ಲಿ ಪ್ರಮೇಯಕ್ಕೆ ದತ್ತ, ಸಾಧನೀಯ, ರಚನೆ, ಸಾಧನೆ ಅಂತ ಸಾಲಾಗಿ ಬರೆಯಬೇಕು. ಅವಳಿಗೆ ಅಭ್ಯಾಸ ಇರಲಿಲ್ಲ. ಟ್ಯೂಷನ್ನಿಗೆ 6,000. ಒಂದೇ ವರ್ಷಕ್ಕೆ 31,400. ಮೊದಲ ಪರೀಕ್ಷೆ ದಿನ ಬಂದವಳು ಬ್ಯಾಗ್ ಇಳಿಸದೆ ಅತ್ತಳು.

ಪೆರ್ಲದ ನಿವೃತ್ತ ಮಾಷ್ಟ್ರು: ಎಲ್ಲರೂ ಹೀಗೆ ತಲಪಾಡಿ ದಾಟಿದರೆ ಇಲ್ಲಿನ ಕನ್ನಡ ಶಾಲೆಯಲ್ಲಿ ಯಾರಿರುತ್ತಾರೆ? ಮಕ್ಕಳಿಲ್ಲದಿದ್ದರೆ ಕನ್ನಡ ಟೀಚರನ್ನು ಯಾರು ಕೊಡುತ್ತಾರೆ?

ಉಪ್ಪಳದ ಅಮ್ಮ: ಮಾಷ್ಟ್ರೇ, ನಾವು ಕೂಡಾ ಶಾಲೆಯ ಗೇಟಿನೆದುರು ಬಿಸಿಲಿಗೆ ಕೂತು ಪ್ರತಿಭಟನೆ ಮಾಡಿದವರೇ. ಆ ವರ್ಷ ನನ್ನ ಮಗಳಿಗೆ ವಾಪಸು ಬರುವುದಿಲ್ಲ. ಸುಮ್ನೆ ಮಾತಾಡಬೇಡಿ.

ಬದಿಯಡ್ಕದ ಹೊಸ ಟೀಚರ್: ಮುಳ್ಳೇರಿಯ ಟೀಚರೇ, ಪಟ್ಟಿ ಎಷ್ಟು ಉದ್ದ ಇಟ್ಟಿರಿ?

ಮುಳ್ಳೇರಿಯದ ಟೀಚರ್: 12 ಸೆಂಟಿಮೀಟರ್. ಎರಡು, ಮೂರು, ನಾಲ್ಕು, ಆರು, ಎಲ್ಲಾ ಸರಿಯಾಗಿ ಕೂರುತ್ತದೆ. ಹಳೆ ಕ್ಯಾಲೆಂಡರಿನ ಕಾಗದ ಒಳ್ಳೆಯದು, ಮಡಚಿದ ಗೆರೆ ಚೆನ್ನಾಗಿ ಕಾಣುತ್ತದೆ. ಮೊದಲು ನಾಲ್ಕು ಮಕ್ಕಳಿಗೆ ಮಾಡಿ ನೋಡಿ, ಆಮೇಲೆ ಝೆರಾಕ್ಸ್.

ಪೆರ್ಲದ ನಿವೃತ್ತ ಮಾಷ್ಟ್ರು: ಹನ್ನೆರಡೇ ಯಾಕೆ ಅಂತ ಮಕ್ಕಳಿಗೆ ತಿಳಿಯಬೇಕಾದರೂ ಮಗ್ಗಿ ಬೇಕು ಟೀಚರೇ.